ದನಿ ಮಂಕಾಗಿದೆ

ಹರಿಹರ
11 ಜನವರಿ 2024

ಬಕ್ಕೇಶ್ ಅವರಿಗೆ,

…ಕ್ಯಾಮೆರಾದ ಕಣ್ಣು ಎದುರಿಗಿದ್ದವರ ಕಡೆ, ಕಿವಿ ಮಾತ್ರ ಹಿಡಿದುಕೊಂಡವರ ಕಡೆ ಎಂದೋ ಏನೋ ನೀವು ಅಂದಿದ್ದಿರಿ. ಪೂರ್ತಿ ನೆನಪಿಲ್ಲ. ಕೊರೋನಾ ಕಾಲದಲ್ಲಿ ಶಾಲೆಯವರಿಗೆ ವಿಡಿಯೊ ಪಾಠ ಮಾಡುವುದನ್ನು ಕಲಿಸಲು ದಾವಣಗೆರೆಯಲ್ಲಿ ಒಂದು ತರಬೇತಿ ನಡೆಯಿತಲ್ಲ, ಅಲ್ಲಿ. ನಾವೆಲ್ಲ ಚಿತ್ರ ಹೇಗೆ ಬರುತ್ತದೆಂದು ಕೇಳುತ್ತಿದ್ದರೆ ನೀವೊಬ್ಬರೇ ಸದ್ದಿನ ಬಗ್ಗೆ ಮಾತಾಡಿದಿರಿ. ಹಿಂದಿನ ಬೆಂಚಿನವರು ನಗುತ್ತಿದ್ದರು. ಅವರಲ್ಲಿ ನಾನೂ ಇದ್ದೆ.

ನನ್ನ ಹೆಸರು ರೇವತಿ. ಮಲೆಬೆನ್ನೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಮನೆ ಹರಿಹರದಲ್ಲಿ. ನನ್ನ ಅವ್ವ ಕಾಳವ್ವನಿಗೆ ಗಂಟಲಲ್ಲಿ ಗಡ್ಡೆಯಾಗಿದೆ. ಮಾರ್ಚ್ ನಡುವಿಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ ಉಸಿರು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಮಾತಿಲ್ಲ. ಆಪರೇಷನ್ ಇದೆ ಎಂದು ಅವ್ವನಿಗೆ ಗೊತ್ತು, ಮಾತು ಹೋಗುತ್ತದೆ ಎಂದು ಇನ್ನೂ ಹೇಳಿಲ್ಲ.

ಅಷ್ಟರೊಳಗೆ ಅವಳ ದನಿ ಹಿಡಿದಿಡಬೇಕು. ಇಲ್ಲಿ ಮುಚ್ಚುತ್ತಿದ್ದ ಒಂದು ಸ್ಟುಡಿಯೋದಿಂದ ಹಳೆಯ ಹ್ಯಾಂಡಿಕ್ಯಾಮ್ ತಂದಿದ್ದೇನೆ. ಮೊಬೈಲಿನಲ್ಲಿ ಮಾಡಿ ನೋಡಿದೆ, ಅದರಲ್ಲಿ ಅವ್ವ ಯಾರೋ ಪಕ್ಕದ ಮನೆಯವಳಂತೆ ಕೇಳಿಸುತ್ತಾಳೆ. ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮಗಳು ನಯನಾ ಎತ್ತಿ, "ಅಪ್ಪ ಫೋನಲ್ಲಿ ಮಾತಾಡಲ್ರಿ, ಏನಿದ್ರೂ ಬರೆದು ಕಳ್ಸಿಬಿಡ್ರಿ" ಎಂದರು. ಅದಕ್ಕೇ ಈ ಕಾಗದ. ಹೇಗೆ ಮಾಡಬೇಕೆಂದು ತಿಳಿಸಿ.

ರೇವತಿ


ದಾವಣಗೆರೆ, ನಿಜಲಿಂಗಪ್ಪ ಬಡಾವಣೆ
19 ಜನವರಿ 2024

ಶ್ರೀಮತಿ ರೇವತಿ ಅವರಿಗೆ,

ಫೋನು ದನಿಯ ತಲೆಯನ್ನೂ ಪಾದವನ್ನೂ ಕತ್ತರಿಸಿ ಹೊಟ್ಟೆಯನ್ನು ಮಾತ್ರ ದಾಟಿಸುತ್ತದೆ. ಅದರಲ್ಲಿ ಮಾತಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ವಾಟ್ಸಾಪಿನದೂ ಅದೇ ಕಥೆ. ಹಾಗಾಗಿ ಧ್ವನಿಯನ್ನು ಅದರಲ್ಲಿ ಕಳಿಸಬೇಡಿ, ಕ್ಯಾಮೆರಾದ ಕಾರ್ಡನ್ನೇ ಕಳಿಸಿ. ಕೇಳಿ, ಅಭಿಪ್ರಾಯ ಬರೆದು, ಕಾರ್ಡನ್ನು ಖಾಲಿ ಮಾಡಿ ಹಿಂದಿರುಗಿಸುತ್ತೇನೆ.

ನಾನು ಮದುವೆ ಚಿತ್ರೀಕರಣ ಬಿಟ್ಟಿದ್ದೇನೆ. ಈಗ ಜಿಲ್ಲೆಯ ವಿಡಿಯೊದವರು ಹೊಸ ಕ್ಯಾಮೆರಾ ಕೊಳ್ಳುವ ಮೊದಲು ನನ್ನ ಬಳಿ ತರುತ್ತಾರೆ. ನಾನು ಅದರ ಚಿತ್ರ ನೋಡುವುದಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ. ಕಣ್ಣು ಮುಚ್ಚಿ ಕೇಳುತ್ತೇನೆ. ಈಚೆಗೆ ಬರುವ ಕ್ಯಾಮೆರಾಗಳೆಲ್ಲ ಮಂಕು. ಕಂಪನಿಗಳು ಮೈಕಿನಲ್ಲಿ ಉಳಿತಾಯ ಮಾಡುತ್ತಿರಬೇಕು.

ನಿಮ್ಮ ಹ್ಯಾಂಡಿಕ್ಯಾಮಿನ ಮೆನುವಿನಲ್ಲಿ ಧ್ವನಿಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಒಂದು ವ್ಯವಸ್ಥೆ ಇರುತ್ತದೆ. ಮೊದಲು ಅದನ್ನು ಆಫ್ ಮಾಡಿ. ಅದು ಇದ್ದರೆ ಯಾರೂ ಮಾತಾಡದಾಗ ಕ್ಯಾಮೆರಾ ಗಾಬರಿಯಾಗಿ ಮೌನವನ್ನೇ ಎತ್ತಿ ಎತ್ತಿ ಕೊಡುತ್ತದೆ. ಕೂಗಿದರೆ ತುಳಿಯುತ್ತದೆ. ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಫ್ಯಾನು, ಫ್ರಿಜ್ಜು ನಿಲ್ಲಿಸಿ. ಜೂಮ್ ಮಾಡಬೇಡಿ, ಅದರ ಮೋಟಾರಿನ ಸದ್ದು ಒಳಗೆ ಸೇರುತ್ತದೆ. ದೂರದಿಂದ ಹತ್ತಿರ ಮಾಡಿ ತೋರಿಸುವುದು ಚಿತ್ರಕ್ಕೆ ಸಾಧ್ಯ, ಸದ್ದಿಗೆ ಸಾಧ್ಯವಿಲ್ಲ, ನೀವೇ ಹತ್ತಿರ ಹೋಗಬೇಕು. ಮಾತು ಶುರುವಾಗುವ ಮುಂಚೆ ಖಾಲಿ ಕೋಣೆಯನ್ನೇ ಸ್ವಲ್ಪ ಹೊತ್ತು ಮುದ್ರಿಸಿ. ಕೇಳುವಾಗ ಹೆಡ್‌ಫೋನಿನಲ್ಲಿ ಕೇಳಿ.

ನಿಮ್ಮ ತಾಯಿಯ ವಿಷಯ ತಿಳಿದು ಬೇಸರವಾಯಿತು. ಒಂದೇ ಸಲ ಸಿಗುವುದು ಸರಿಯಾಗಿ ಸಿಗಬೇಕು.

ಬಕ್ಕೇಶ್


ಹರಿಹರ
2 ಫೆಬ್ರವರಿ 2024

ಬಕ್ಕೇಶ್ ಅವರಿಗೆ,

ಕಾರ್ಡು ಇದರ ಜೊತೆಗಿದೆ. ನಮ್ಮ ಮನೆಯವರು, ಸಿದ್ದೇಶ್, ದಾವಣಗೆರೆ ಪಕ್ಕದ ಕರೂರಿನ ಫ್ಯಾಕ್ಟರಿಗೆ ಹೋಗುವವರು, ಸ್ವಲ್ಪ ದಾರಿ ಬಳಸಿ ಬಂದು ನಿಮ್ಮ ಗೇಟಿನ ಡಬ್ಬಿಗೆ ಹಾಕುತ್ತಾರೆ.

ನಿಮ್ಮ ಮಾತಿನಂತೆ ಎಲ್ಲ ಮಾಡಿದೆ. ಬೆಳಿಗ್ಗೆ ಕರೆಂಟೇ ಹೋಗಿದ್ದರಿಂದ ಫ್ಯಾನಿನ ಚಿಂತೆ ಇರಲಿಲ್ಲ. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕ್ಯಾಮೆರಾ ನೋಡಿ, "ಇದ್ರ ಮುಂದೆ ಏನಂತ ಮಾತಾಡ್ಲೇ? ಇದೇನು ತಿರುಗಿ ಹ್ಞೂಂ ಅಂತೈತಾ?" ಎಂದಳು. ನಾಟಿಗೆ ಹೋಗುತ್ತಿದ್ದುದನ್ನು ಹೇಳು ಎಂದೆ. "ಹೇಳಾಕೇನೈತೆ, ಬಗ್ಗಿದ್ವಿ, ಎದ್ವಿ" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಅವ್ವ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳಾಗಿದ್ದವಳು. ಮಲೆಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಟ್ರ್ಯಾಕ್ಟರ್ ನಿಂತರೆ ಓಣಿ ಓಣಿಗೆ ಕೇಳುವ ಹಾಗೆ ಕೂಗಿ ಎಲ್ಲರನ್ನೂ ಹತ್ತಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮರೆತೇಬಿಟ್ಟಳು. ತಾನಾಗಿಯೇ, "ಏ ದುರುಗಮ್ಮಾ! ಟ್ಯಾಕ್ಟ್ರು ನಿನ್ನ ಮಾವನ ಮನೇದಲ್ಲ ಕಣೇ ಕಾಯಾಕೆ! ಬಾರೇ!" ಎಂದು ಕೂಗಿ ತೋರಿಸಿದಳು. ಹಿಂದಿನ ಮನೆಯವರು ಹೊರಗೆ ಬಂದು ನೋಡಿದರು. ಆಮೇಲೆ ಬಹಳ ಸಣ್ಣಗೆ, ಸೊಪ್ಪಿಗೆ ಹೇಳುವ ಹಾಗೆ, "ಅವಳೂ ಹೋದ್ಲು ನೋಡು" ಎಂದಳು. ದುರುಗಮ್ಮ ಅವಳ ಗೆಳತಿ, ತೀರಿಕೊಂಡು ಬಹಳ ದಿನವಾಗಿಲ್ಲ.

ಕೇಳಿ ತಿಳಿಸಿ. ನನಗೆ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ನನ್ನದು ಮಗಳ ಕಿವಿ.

ರೇವತಿ


ದಾವಣಗೆರೆ
12 ಫೆಬ್ರವರಿ 2024

ಶ್ರೀಮತಿ ರೇವತಿ ಅವರಿಗೆ,

ದನಿ ಮಂಕಾಗಿದೆ. ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ಮಾತಿಗೆ ಅಂಚು ಕೊಡುವುದು ಸ, ಶ, ಚ ಮುಂತಾದವು. ಅವು ಒಂದೂ ಮುದ್ರಣವಾಗಿಲ್ಲ. ತಾಯಿಯವರು ಸೊಪ್ಪು ಬಿಡಿಸುವುದು ಚಿತ್ರದಲ್ಲಿ ಕಾಣುತ್ತದೆ. ದಂಟು ಮುರಿಯುತ್ತಿದೆ, ಸದ್ದೇ ಇಲ್ಲ. ಇದು ಮೈಕಿನ ದೋಷ, ನಿಮ್ಮದಲ್ಲ. ಕೂಗಿದ್ದು ಮಾತ್ರ ಸ್ವಲ್ಪ ದಾಟಿ ಬಂದಿದೆ. ಕೊನೆಯಲ್ಲಿ ಅವರು ಏನೋ ಅನ್ನುವುದು ತುಟಿಯಲ್ಲಿದೆ, ಕಾರ್ಡಿನಲ್ಲಿಲ್ಲ.

ಹಳೆಯ ಹ್ಯಾಂಡಿಕ್ಯಾಮುಗಳಲ್ಲಿ ಮೈಕಿನ ಜಾಲರಿಗೆ ಧೂಳು ಕಟ್ಟಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಇನ್ನಷ್ಟು ಹತ್ತಿರ ಇಡಿ. ಮತ್ತೊಮ್ಮೆ ಮಾಡಿ ಕಳಿಸಿ, ಇನ್ನೂ ಸಮಯವಿದೆ.

ತಿದ್ದಿದರೆ ಏನಾದರೂ ಉಳಿದೀತೇ ಎಂದು ನಾನೂ ನೋಡುತ್ತಿದ್ದೇನೆ. ಮೇಲಿನ ಸ್ವರಗಳನ್ನು ಎಷ್ಟು ಎತ್ತಿದರೂ ಸಾಕೆನ್ನಿಸುತ್ತಿಲ್ಲ.

ಕಾರ್ಡು ಖಾಲಿ ಮಾಡಿದ್ದೇನೆ.

ಬಕ್ಕೇಶ್


ಹರಿಹರ
20 ಫೆಬ್ರವರಿ 2024

ಬಕ್ಕೇಶ್ ಅವರಿಗೆ,

ಸೊಪ್ಪಿನ ಸದ್ದು ನನಗೆ ಕೇಳಿಸಿತ್ತು ಅನ್ನಿಸುತ್ತದೆ. ಎದುರಿಗೆ ಕೂತು ಕೇಳಿದ್ದು ಹಾಗೇ ಕಿವಿಯಲ್ಲಿ ಉಳಿದಿರಬೇಕು. ನೀವು ಬಲ್ಲವರು.

ಎರಡನೆಯದನ್ನು ಕಳಿಸುತ್ತಿದ್ದೇನೆ. ಜಾಲರಿ ಒರೆಸಿದೆ. ಕ್ಯಾಮೆರಾವನ್ನು ಅವ್ವನ ಮೊಣಕಾಲಿನ ಹತ್ತಿರವೇ ಇಟ್ಟೆ. ಅದಕ್ಕೆ ಅವಳಿಗೆ ಸಂಕೋಚ. "ಎದೆಗೇ ಬಂತಲ್ಲೇ ಇದು" ಎಂದು ಸರಿದು ಸರಿದು ಕೂತಳು. ಕೂಗು ಎಂದರೆ ಕೂಗಲಿಲ್ಲ. "ಹೋದ್ಸಲ ಕೂಗಿದ್ನಲ್ಲ, ಅದೇನಾತು?" ಎಂದು ಕೇಳಿದಳು. ಸರಿಯಾಗಿ ಬರಲಿಲ್ಲವಂತೆ ಎಂದೆ. "ನಂದೇನು ಸರಿ ಮಾಡ್ಬೇಕಂತೆ?" ಎಂದಳು.

ದನಿ ಒಡೆಯುತ್ತಿದೆ. ಮಾತಿನ ನಡುವೆ ನೀರು ಕುಡಿಯುತ್ತಾಳೆ. ಗೊಗ್ಗರು ಬಂದಿರುವುದು ನಿಮಗೂ ತಿಳಿಯುತ್ತದೆ.

ಇವರು ನಿಮ್ಮ ಗೇಟಿನಲ್ಲಿ ಬೆಲ್ ಮಾಡಿದ್ದರಂತೆ. "ನಿಮ್ಮ ಬಕ್ಕೇಶಣ್ಣ ದೊಡ್ಡ ಮನುಷ್ಯ ಕಣೆ, ನಾನು ಪೋಸ್ಟ್ ಡಬ್ಬೀನೇ ಮಾತಾಡಿಸಿ ಬಂದೆ" ಎಂದು ನಗುತ್ತಾರೆ. ನಿಮಗೆ ಕೆಲಸವಿರಬಹುದು. ಆದರೂ ಫೋನಿನಲ್ಲಿ ಎರಡು ಮಾತು ಆಡಿದ್ದರೆ ದಿನಗಳು ಉಳಿಯುತ್ತಿದ್ದವು.

ರೇವತಿ


ದಾವಣಗೆರೆ
27 ಫೆಬ್ರವರಿ 2024

ಶ್ರೀಮತಿ ರೇವತಿ ಅವರಿಗೆ,

ಇದೂ ಮಂಕೇ. ಮೊದಲನೆಯದಕ್ಕಿಂತ ಒರಟು, ಆದರೆ ಅಂಚಿಲ್ಲ.

ಕೇಳುತ್ತಿದ್ದಾಗ ಮಗಳು ಬಂದು ನಿಂತಳು. "ಚೆನ್ನಾಗೇ ಐತಲ್ಲಪ್ಪ, ಪಾಪ ಎಷ್ಟು ಸಲ ಮಾಡಿಸ್ತೀಯ ಅವರ ಕೈಲಿ" ಎಂದಳು. ಆ ವಯಸ್ಸಿನವರ ಕಿವಿ ಮೊಬೈಲಿಗೆ ಒಗ್ಗಿಹೋಗಿದೆ. ಇದ್ದಷ್ಟಕ್ಕೆ ಸಾಕು ಅನ್ನುತ್ತಾರೆ. ಸಾಕು ಅಂದುಕೊಂಡು ಬಿಟ್ಟ ಮುದ್ರಣಗಳನ್ನು ಮುಂದೆ ಕೇಳುವವರು ಯಾರ ದನಿಯನ್ನು ಕೇಳುತ್ತಾರೆ? ಕ್ಯಾಮೆರಾದ ದನಿಯನ್ನು.

ಇದರ ಜೊತೆ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಕಳಿಸಿದ್ದೇನೆ. ನಿಮ್ಮಲ್ಲೇ ಇರಲಿ. ಸೆರಗಿನ ಅಂಚಿಗೆ, ಬಾಯಿಗೆ ಆದಷ್ಟು ಹತ್ತಿರ ಸಿಕ್ಕಿಸಿ. ಮಟ್ಟವನ್ನು ಮೇಲಕ್ಕೇ ಇಡಿ, ಕೆಂಪು ಗೆರೆ ಮುಟ್ಟಿದರೂ ಪರವಾಗಿಲ್ಲ. ಗಾಳಿ ಬಡಿಯದ ಕಡೆ ಕೂರಿಸಿ. ಹರಿಹರದಲ್ಲಿ ಹೊಳೆಯ ಗಾಳಿ ಬಾಗಿಲಿಗೇ ಬರುತ್ತದೆ.

ಇದು ಕೊನೆಯದಾಗಬಹುದು. ತಾಯಿಯವರಿಗೆ ಕೂಗಲು ಹೇಳಿ.

ಕಾರ್ಡು ಖಾಲಿ ಮಾಡಿದ್ದೇನೆ.

ಬಕ್ಕೇಶ್


ಹರಿಹರ
6 ಮಾರ್ಚ್ 2024

ಬಕ್ಕೇಶ್ ಅವರಿಗೆ,

ಅವ್ವನಿಗೆ ಹೇಳಿಬಿಟ್ಟೆ. ಮೈಕ್ ಸಿಕ್ಕಿಸುವಾಗ ನನ್ನ ಕೈ ಹಿಡಿದು, "ನಿಜ ಹೇಳು, ಯಾಕ ಇಷ್ಟು ಒದ್ದಾಡ್ತಿ?" ಎಂದಳು. ಹೇಳಿದೆ.

ಆಮೇಲೆ ಅವಳು ಮಾತೇ ಆಡಲಿಲ್ಲ. ಮಾರನೆಯ ದಿನವೂ ಇಲ್ಲ. ಹೋಗುವುದನ್ನು ಕೂಡಿಡುತ್ತಿದ್ದಾಳೋ, ಇಲ್ಲದೆ ಇರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ಮೂರನೆಯ ದಿನ ತಾನೇ ಮೈಕನ್ನು ತೆಗೆದು ಸೆರಗಿಗೆ ಸಿಕ್ಕಿಸಿಕೊಂಡು, ಕ್ಯಾಮೆರಾ ಕಡೆ ಕೈ ತೋರಿಸಿದಳು. ಕಾರ್ಡಿನಲ್ಲಿ ಇರುವುದು ಇಷ್ಟೇ. ನನ್ನ ಹೆಸರು, ಇವರ ಹೆಸರು, "ಹುಷಾರಿ", ಮತ್ತೆ ಕೆಮ್ಮು. ಕೂಗಲು ನಾನು ಹೇಳಲಿಲ್ಲ.

ಇನ್ನು ಮಾಡಿಸುವುದಿಲ್ಲ. ಇದರಲ್ಲಿ ಎಷ್ಟು ಉಳಿಸಲು ಆಗುತ್ತದೋ ಉಳಿಸಿ ಕಳಿಸಿ.

ರೇವತಿ


ದಾವಣಗೆರೆ
13 ಮಾರ್ಚ್ 2024

ಶ್ರೀಮತಿ ರೇವತಿ ಅವರಿಗೆ,

ಇದು ಬಂದಿದೆ. ಕೊನೆಗೂ ದನಿಗೆ ಅಂಚು ಬಂದಿದೆ, ಒಂದೊಂದು ಅಕ್ಷರವೂ ಕೆತ್ತಿದ ಹಾಗೆ ನಿಂತಿದೆ. ಕೆಮ್ಮು ಕೂಡ ಎಷ್ಟು ಹತ್ತಿರ ಇದೆ ಎಂದರೆ ನಾನು ತಲೆ ಎತ್ತಿ ನೋಡಿದೆ. ಬಹಳ ದಿನಗಳ ಮೇಲೆ ಒಂದು ಧ್ವನಿ ನನ್ನವರೆಗೆ ಬಂತು.

ಇನ್ನೂ ಸ್ವಲ್ಪ ಹರಿತ ಮಾಡಿ, ಹಿಂದಿನ ಗದ್ದಲ ತೆಗೆದು ಇದೇ ಕಾರ್ಡಿನಲ್ಲಿ ಹಾಕಿದ್ದೇನೆ. ನಿಮ್ಮ ಶ್ರಮ ವ್ಯರ್ಥವಾಗಲಿಲ್ಲ. ಮಾತು ಕಡಿಮೆಯಾಯಿತೆಂದು ಚಿಂತಿಸಬೇಡಿ. ದನಿ ಎಂಬುದು ಮಾತಿನ ಲೆಕ್ಕದಲ್ಲಿಲ್ಲ.

ಆಪರೇಷನ್ ಸುಸೂತ್ರವಾಗಲಿ.

ಬಕ್ಕೇಶ್


ಹರಿಹರ
22 ಏಪ್ರಿಲ್ 2024

ಬಕ್ಕೇಶ್ ಅವರಿಗೆ,

ಆಪರೇಷನ್ ಆಯಿತು. ಅವ್ವ ಮನೆಗೆ ಬಂದಿದ್ದಾಳೆ. ಬೇಕಾದಾಗ ಚಮಚದಿಂದ ಲೋಟಕ್ಕೆ ಬಡಿಯುತ್ತಾಳೆ. ನನಗೆ ಒಂದು ಬಡಿತ, ಇವರಿಗೆ ಎರಡು. ನಾವು ಬರುವುದು ತಡವಾದರೆ ಬೈಗುಳಕ್ಕೂ ಒಂದು ಬಡಿತ ಇದೆ.

ನೀವು ಕಳಿಸಿದ್ದನ್ನು ಇಷ್ಟು ದಿನ ಕೇಳಿರಲಿಲ್ಲ. ಟಿವಿಗೆ ಹಾಕಿದ ಕೂಡಲೇ ಇವರು ಒಳಗಿನಿಂದ ಓಡಿ ಬಂದು, "ಏನಾತು, ಟಿವಿ ಸುಟ್ಟಿತಾ?" ಎಂದರು. ನನ್ನ ಹೆಸರು ಹರಿದ ತಗಡಿನ ಮೇಲೆ ಗೀಚಿದ ಹಾಗಿದೆ. "ಹುಷಾರಿ" ಅನ್ನುವುದರಲ್ಲಿ ಷ ಒಂದೇ ಕೇಳಿಸುತ್ತದೆ. ಅವ್ವ ಸ್ವಲ್ಪ ಹೊತ್ತು ಕೇಳಿ ಕೈ ಆಡಿಸಿದಳು. ನಿಲ್ಲಿಸು ಎಂದೋ, ಇದು ನಾನಲ್ಲ ಎಂದೋ.

ನೀವು ಚೆನ್ನಾಗಿದೆ ಎಂದದ್ದು ಇದನ್ನೇ ಎಂದು ನಂಬಲಾಗುತ್ತಿಲ್ಲ. ಕಾರ್ಡು ಕೆಟ್ಟಿರಬಹುದು.

ನನಗೆ ಮೊದಲನೆಯದು ಬೇಕು. ಮಂಕಾಗಿದ್ದರೂ ಸರಿ. ದುರುಗಮ್ಮನನ್ನು ಕೂಗಿದ್ದು ಇರುವುದು. ತಿದ್ದದೆ, ಇದ್ದ ಹಾಗೇ ಕಳಿಸಿ. ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಪ್ರತಿ ಇಟ್ಟುಕೊಂಡಿಲ್ಲ. ನಿಮ್ಮಲ್ಲಿ ಇರುತ್ತದೆಂದು ಸುಮ್ಮನಿದ್ದೆ.

ರೇವತಿ


ದಾವಣಗೆರೆ
30 ಏಪ್ರಿಲ್ 2024

ಶ್ರೀಮತಿ ರೇವತಿ ಅವರಿಗೆ,

ಮದುವೆಗಳನ್ನು ಚಿತ್ರಿಸುವವನ ಕ್ಯಾಮೆರಾದಲ್ಲಿ ಮದುವೆಯಷ್ಟೇ ಇರುವುದಿಲ್ಲ. ಒಳಕೋಣೆಯ ಜಗಳ, ಸೀರೆ ಸರಿಮಾಡಿಕೊಳ್ಳುವ ಹೆಂಗಸರು, ಯಾರಿಗೂ ಕಾಣದೆ ಅತ್ತವರು, ಎಲ್ಲವೂ ಬಂದಿರುತ್ತದೆ. ಕೆಲಸ ಮುಗಿದ ಮೇಲೆ ಮೂಲವನ್ನು ಇಟ್ಟುಕೊಂಡವನನ್ನು ದಾವಣಗೆರೆಯಲ್ಲಿ ಯಾರೂ ಮನೆಯೊಳಗೆ ಬಿಡುತ್ತಿರಲಿಲ್ಲ. ಅಳಿಸಿ ಕೊಡುವುದು ನಮ್ಮಲ್ಲಿ ಮರ್ಯಾದೆ. ಹಾಗೆ ಕಲಿತೆ, ಹಾಗೆಯೇ ಮಾಡುತ್ತ ಬಂದೆ. ಮೊದಲ ಪತ್ರದಿಂದಲೇ ಅದನ್ನು ಬರೆದಿದ್ದೇನೆ.

ಮೂಲ ಇಲ್ಲ. ಮೊದಲನೆಯದನ್ನು ನಾನು ತಿದ್ದಿದ ಒಂದು ಪ್ರತಿ ನನ್ನಲ್ಲಿ ಉಳಿದಿದೆ. ಅದನ್ನು ಇದರ ಜೊತೆ ಕಳಿಸಿದ್ದೇನೆ. ಮಂಕು ಬಹುಮಟ್ಟಿಗೆ ಹೋಗಿದೆ.

ತಾಯಿಯವರು ಕೈ ಆಡಿಸಿದ್ದಕ್ಕೆ ನೊಂದುಕೊಳ್ಳಬೇಡಿ. ಕ್ಯಾಮೆರಾದಿಂದ ಬಂದ ತನ್ನ ದನಿಯನ್ನು ಒಪ್ಪಿದವರನ್ನು ನಾನು ಕಂಡಿಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಒಳಗಿನಿಂದ, ಎಲುಬಿನ ಮೂಲಕ ಕೇಳಿಸುತ್ತಿರುತ್ತದೆ. ಹೊರಗಿನವರಿಗೆ ಕೇಳುವುದು ಬೇರೆಯೇ. ಮದುವೆ ಕ್ಯಾಸೆಟ್ ನೋಡಿ, "ಇದು ನಾನಲ್ಲ, ಬೇರೆ ಯಾರದೋ ದನಿ ಹಾಕಿದಿರಿ" ಎಂದು ಜಗಳಕ್ಕೆ ಬಂದ ಮಾವಂದಿರಿದ್ದಾರೆ.

ಬಕ್ಕೇಶ್


ಹರಿಹರ
19 ಮೇ 2024

ಬಕ್ಕೇಶ್ ಅವರಿಗೆ,

ಮೊನ್ನೆ ಅವ್ವನನ್ನು ತಪಾಸಣೆಗೆ ದಾವಣಗೆರೆಗೆ ಕರೆತಂದಿದ್ದೆ. ಮುಗಿಸಿ ಆಟೋದಲ್ಲಿ ನಿಮ್ಮ ಮನೆಗೆ ಬಂದೆವು. ಹೇಳದೆ ಬಂದದ್ದು ನಿಜ. ನೀವು ಕಳಿಸಿದ ಪ್ರತಿಯನ್ನು ಹಿಡಿದುಕೊಂಡು, ಇದನ್ನು ಎದುರಿಗೇ ಹಾಕಿ ಕೇಳಿಸಬೇಕು, ಏನನ್ನುತ್ತಾರೋ ನೋಡಬೇಕು ಎಂಬ ಸಿಟ್ಟಿನಲ್ಲಿ ಬಂದಿದ್ದೆ.

ಆಟೋ ತಿರುವಿನಲ್ಲಿದ್ದಾಗಲೇ ಕೇಳಿಸಿತು. "ಏ ದುರುಗಮ್ಮಾ! ಟ್ಯಾಕ್ಟ್ರು ನಿನ್ನ ಮಾವನ…" ಓಣಿಗೆಲ್ಲ ಕೇಳುತ್ತಿತ್ತು. ಸ್ಟೀಲ್ ಪಾತ್ರೆಗಳನ್ನು ಸುರಿದ ಹಾಗೆ. ಮುಗಿಯಿತು, ಮತ್ತೆ ಮೊದಲಿನಿಂದ ಬಂತು. ಎದುರು ಮನೆಯವರು ಕಿಟಕಿ ಹಾಕಿಕೊಂಡಿದ್ದರು. ಆಟೋದವನು, "ಇಲ್ಲಿ ದಿನಾ ಹಿಂಗೇನ್ರಿ, ಯಾವ್ದೋ ಹೆಂಗ್ಸು ಒದರ್ತಿರ್ತಾಳೆ" ಎಂದ.

ಅವ್ವ ನನ್ನ ಭುಜ ತಟ್ಟಿದಳು. ನಿಮ್ಮ ಮನೆಯ ಕಡೆ ಗದ್ದ ತೋರಿಸಿ, ಕೈ ತಿರುವಿ ಕೇಳಿದಳು, ಯಾರವಳು, ಯಾರ ಮೇಲೆ ಅಷ್ಟು ಸಿಟ್ಟು ಎಂದು. ನಗುತ್ತಿದ್ದಳು. ಈಗ ಅವಳು ನಕ್ಕರೆ ಕುತ್ತಿಗೆಯ ತೂತಿನಿಂದ ಗಾಳಿ ಮಾತ್ರ ಬರುತ್ತದೆ. ಗೊತ್ತಿಲ್ಲ ಎಂದೆ.

ಗೇಟಿನಲ್ಲಿ ಬೆಲ್ ಒತ್ತಿದೆ. ಕಿಟಕಿಯಲ್ಲಿ ನೀವು ಕಾಣುತ್ತಿದ್ದಿರಿ, ಬೆನ್ನು ನಮ್ಮ ಕಡೆ. ಬೆಲ್ಲಿನ ಸದ್ದು ನನಗೆ ಗೇಟಿಗೇ ಕೇಳಿಸಿತು. ನೀವು ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಸ್ಪೀಕರಿನ ಹತ್ತಿರಕ್ಕೆ ಬಾಗಿ, ಕಿವಿಯ ಹಿಂದೆ ಕೈ ಇಟ್ಟುಕೊಂಡು ನೀವು ಅವ್ವನನ್ನು ಕೇಳುತ್ತಿದ್ದಿರಿ.

ಫೋನು ಯಾಕಿಲ್ಲ, ಸೊಪ್ಪಿನ ಸದ್ದು ಯಾಕಿರಲಿಲ್ಲ, ಯಾವುದು ಮಂಕು, ಎಲ್ಲ ಅಲ್ಲೇ ತಿಳಿಯಿತು. ಮೂರನೆಯ ಸಲ ಬೆಲ್ ಒತ್ತಲಿಲ್ಲ.

ಮನೆಗೆ ಬಂದು ನಿಮ್ಮ ಪತ್ರಗಳನ್ನು ಮತ್ತೆ ಓದಿದೆ. ನಿಮ್ಮನ್ನು ದೊಡ್ಡ ಮನುಷ್ಯ ಎಂದು ನಾವು ಆಡಿಕೊಂಡಿದ್ದೆವು. ಅದು ತಪ್ಪಾಯಿತು. ಆದರೆ ಬಕ್ಕೇಶ್ ಅವರೇ, ನಿಮಗೆ ಗೊತ್ತಿತ್ತಲ್ಲವೇ? ಫೋನ್ ಬಿಡುವಷ್ಟು ಗೊತ್ತಿತ್ತು. ಕಾರ್ಡು ಅಳಿಸುವಾಗ ಗೊತ್ತಿರಲಿಲ್ಲವೇ? ಮಗಳು ಪಕ್ಕದಲ್ಲೇ ನಿಂತು ಚೆನ್ನಾಗಿದೆ ಎಂದಳು ಎಂದು ನೀವೇ ಬರೆದಿದ್ದೀರಿ. ನಾನೂ ಚೆನ್ನಾಗಿದೆ ಎಂದು ಬರೆದಿದ್ದೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ, ಅದಕ್ಕೆ ನಿಮ್ಮನ್ನು ಪೂರ್ತಿ ದೂರಲಾರೆ.

ಈಗ ಆ ಪ್ರತಿಯನ್ನು ಸದ್ದು ಪೂರ್ತಿ ಇಳಿಸಿ ನೋಡುತ್ತೇನೆ. ಅವ್ವ ಪಕ್ಕದಲ್ಲಿ ಕೂತು ತಾನೂ ನೋಡುತ್ತಾಳೆ. ಗೇಟಿನಲ್ಲಿ ಕೇಳಿದ್ದು ಅವಳೇ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ರೇವತಿ


ದಾವಣಗೆರೆ
7 ಜುಲೈ 2024

ರೇವತಿ ಅವರಿಗೆ,

ನಿಮ್ಮ ಪತ್ರವನ್ನು ನಯನಾಳ ಕೈಗೆ ಕೊಟ್ಟೆ. ಅವಳು ಓದಿದಳು. ಮರುದಿನ ಸ್ಕೂಟರ್ ತೆಗೆದು ಗೇಟಿನಲ್ಲಿ ನಿಂತಳು, ನಾನು ಹತ್ತಿದೆ.

ಕಿವಿ ಪರೀಕ್ಷೆ ಮಾಡುವಲ್ಲಿ ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಹೇಳಲು ತಿರುಗಿದೆ. ಗಾಜಿನ ಆಚೆ ನಯನಾ ಆ ಪರೀಕ್ಷಕಿಯ ಕೈಯನ್ನು ನೋಡುತ್ತಿದ್ದಳು. ಕೈ ಒಂದೇ ಸಮನೆ ಒತ್ತುತ್ತಿತ್ತು. ಮಗಳ ಮುಖ ನೋಡಿ ನಾನು ಮುಂದಕ್ಕೆ ತಿರುಗಿ ಕೂತೆ. ಗುಂಡಿಯ ಮೇಲೆ ಬೆರಳು ಹಾಗೇ ಇತ್ತು.

ಗೊತ್ತಿತ್ತಲ್ಲವೇ ಎಂದು ಕೇಳಿದ್ದೀರಿ. ಜನರ ಮಾತು ಕೇಳಿಸುತ್ತಿಲ್ಲ ಎಂದು ಗೊತ್ತಿತ್ತು. ಅದಕ್ಕೆ ಜನರು ತೊದಲುತ್ತಾರೆ ಎಂಬ ಕಾರಣ ಇತ್ತು. ಕ್ಯಾಮೆರಾಗಳು ಮಂಕು ಎಂದು ಗೊತ್ತಿತ್ತು. ಅದಕ್ಕೆ ಕಂಪನಿಗಳಿದ್ದವು. ಒಂದೊಂದೂ ಗೊತ್ತಿತ್ತು, ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಇದು ಉತ್ತರವಲ್ಲ, ನನಗೂ ತಿಳಿದಿದೆ. ವಿಡಿಯೊದವರಿಗೆ ಇನ್ನು ಕ್ಯಾಮೆರಾ ತರಬೇಡಿ ಎಂದು ಹೇಳಿದ್ದೇನೆ. ಕಾರಣ ಕೇಳಿದರು, ಅದನ್ನೂ ಹೇಳಿದೆ. ಒಬ್ಬ ಮಾತ್ರ, ಎರಡು ವರ್ಷದ ಕೆಳಗೆ ನಾನು ಬೇಡವೆಂದದ್ದಕ್ಕೆ ಒಳ್ಳೆಯ ಕ್ಯಾಮೆರಾ ಬಿಟ್ಟೆನಲ್ಲ ಎಂದು ಕೇಳಿದ. ಹೌದು ಎಂದೆ.

ಈಗ ಎರಡೂ ಕಿವಿಗೆ ಯಂತ್ರವಿದೆ. ಅಗ್ಗದ ಕ್ಯಾಮೆರಾದಲ್ಲಿ ನಾನು ಏನೇನು ಹಳಿಯುತ್ತಿದ್ದೆನೋ ಅದೆಲ್ಲ ಅದರಲ್ಲಿದೆ. ಯಾರೂ ಮಾತಾಡದಾಗ ಮೌನವನ್ನು ಎತ್ತಿ ಎತ್ತಿ ಕೊಡುತ್ತದೆ. ಸ್ಕೂಟರಿನ ಮೇಲೆ ಗಾಳಿ ಗುಡುಗುತ್ತದೆ. ಹತ್ತಿರದ ತಟ್ಟೆ ದೂರದ ಮನುಷ್ಯನಿಗಿಂತ ದೊಡ್ಡದು. ಇದರಲ್ಲಿ ಅದನ್ನು ಆಫ್ ಮಾಡಲು ನನಗೆ ಬರುವುದಿಲ್ಲ. ನಯನಾ ಏನಾದರೂ ಹೇಳಿದರೆ ಅವಳ ದನಿ ಅಪರಿಚಿತ. ಇಷ್ಟು ವರ್ಷ ಕೇಳುತ್ತಿದ್ದ ದನಿ ನಾನೇ ನೆನಪಿನಿಂದ ತುಂಬಿಕೊಂಡದ್ದಿರಬೇಕು.

ಯಂತ್ರ ಹಾಕಿಕೊಂಡು, ನಾನು ತಿದ್ದಿದ ಪ್ರತಿಯನ್ನು ಹಚ್ಚಿದೆ. ಎದ್ದು ನಿಲ್ಲಿಸಬೇಕಾಯಿತು.

ಆಮೇಲೆ ನಯನಾಳನ್ನು ಕೂರಿಸಿಕೊಂಡೆ. ಅವಳು ಕೇಳುವುದು, ನಾನು ತಗ್ಗಿಸುವುದು. "ಇನ್ನೂ ಚುಚ್ಚುತ್ತೆ, ಇನ್ನೂ ಇಳಿಸು." "ಈಗ?" "ಈಗ ಯಾರೂ ಇಲ್ಲಪ್ಪ ಅದ್ರಾಗೆ." ಎತ್ತಿದ್ದನ್ನು ಇಳಿಸಬಹುದು. ತೆಗೆದದ್ದನ್ನು ತಂದು ಹಾಕಲು ಆಗುವುದಿಲ್ಲ. ಕರೆಂಟಿಲ್ಲದ ಆ ಬೆಳಗಿನಲ್ಲಿ ನಿಮ್ಮ ಮನೆ ಸುಮ್ಮನಿದ್ದ ರೀತಿಯನ್ನು, ಮಾತಿನ ನಡುವಿನ ಉಸಿರನ್ನು, ಕೊನೆಯಲ್ಲಿ ಸಣ್ಣಗೆ ಅಂದದ್ದನ್ನು ಗದ್ದಲ ಎಂದು ನಾನು ಒರೆಸಿದ್ದೆ. ಹಲವು ದಿನ ಕೂತೆವು. ದಾವಣಗೆರೆಯಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಕಿವಿಯವರಿದ್ದಾರೆ, ಅವರನ್ನೂ ಕರೆಸಿದೆ. ಅವರೂ ಅದೇ ಹೇಳಿದರು. ಹಾಗಾಗಿ ಈ ಲಕೋಟೆಯಲ್ಲಿ ಕಾರ್ಡು ಇಲ್ಲ.

ಮೊದಲನೆಯದನ್ನು ಕೇಳಿದವರು ನೀವು, ಪಕ್ಕದ ಕೋಣೆಯಲ್ಲಿದ್ದ ನಯನಾ, ಮತ್ತು ನಾನು. ಹೇಗಿತ್ತು ಎಂದು ನಯನಾಳನ್ನು ಕೇಳಿದೆ. "ಹೆಂಗಂತ ಹೇಳ್ಲಿ? ಒಬ್ಬ ಹೆಂಗ್ಸು ಇನ್ನೊಬ್ಬಳನ್ನ ಕರೀತಿದ್ಲು. ನಾನೇ ಎದ್ದು ಹೊರಗೆ ಹೋಗ್ಬೇಕು ಅನ್ನಿಸ್ತು" ಎಂದಳು. ಅವಳಿಗೆ ಇದಕ್ಕಿಂತ ಹೆಚ್ಚು ಬರಲಿಲ್ಲ. ನಿಮಗೂ ಬರಲಾರದು. ಮೈಕಿಲ್ಲದೆ, ಕ್ಯಾಮೆರಾ ಇಲ್ಲದೆ, ನನ್ನಂಥವರ ಕೈ ತಾಕದೆ, ಒಳಗಿನಿಂದ, ಎಲುಬಿನ ಮೂಲಕ ಅದನ್ನು ಕೇಳಿದವರು ಒಬ್ಬರೇ. ಅವರಿಗೆ ಈ ಪತ್ರ ಓದಿ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ.

ಕಾಳವ್ವನವರೇ, ಆ ಬೆಳಿಗ್ಗೆ ನೀವು ಕೂಗಿ ಕರೆದಾಗ, ನಿಮ್ಮೊಳಗೆ ಅದು ಹೇಗೆ ಕೇಳಿಸಿತು?